ಬಾವಿಯಿಂದ ನಾನು ತಂದ ಲಿಂಗ

ಕಲಬುರಗಿಯಲ್ಲಿ ಬಾವಿಗೆ ಬಿದ್ದ ಸಾಮಾನನ್ನು ಮೇಲೆ ತರುವವನು ನಾನೊಬ್ಬನೇ. ಇದು ಸುಳ್ಳು, ಇನ್ನೂ ಇಬ್ಬರಿದ್ದಾರೆ. ಆದರೆ ಒಬ್ಬನ ಕಿವಿ ಸೋರುತ್ತದೆ, ಇನ್ನೊಬ್ಬ ಹೆಂಡತಿಯನ್ನು ಕೇಳದೆ ಸ್ನಾನಕ್ಕೂ ಇಳಿಯುವುದಿಲ್ಲ. ಆದ್ದರಿಂದ ನಾನೊಬ್ಬನೇ ಎಂದರೆ ತಪ್ಪಿಲ್ಲ. ಹದಿನಾರು ತುಂಬುವಷ್ಟರಲ್ಲಿ ದರ್ಗಾದ ಓಣಿ ರೋಜಾದಿಂದ ಸ್ಟೇಶನ್ ಬಜಾರದ ತನಕ ನನ್ನ ಕಾಲು ತಾಗದ ಬಾವಿ ಉಳಿದಿರಲಿಲ್ಲ. ಉರುಸಿಗೆ ಬಂದ ಯಾತ್ರಿಕರ ಲೋಟಾ, ಮದುವೆ ಮನೆಯ ಕೊಡ, ಹೊಸ ಸೊಸೆಯ ಕಾಲುಂಗುರ, ಒಮ್ಮೆ ಒಬ್ಬ ಹಕೀಮರ ಕಟ್ಟಿಸಿದ ಹಲ್ಲು, ಎಲ್ಲ ತಂದಿದ್ದೇನೆ. ಹಲ್ಲು ನೀರಿನಲ್ಲಿ ನನ್ನನ್ನು ನೋಡಿ ನಕ್ಕಿತು ಎಂದು ಹೇಳಿ ಒಂದು ತಿಂಗಳು ಪುಕ್ಕಟೆ ಚಹಾ ಕುಡಿದೆ.

ನಮ್ಮದು ದೋಣಿ ನಡೆಸುವ ಮಂದಿ. ನೀರಿನವರು ನೀರಿಗಿಳಿದರೆ ಯಾರಿಗೂ ಮೈಲಿಗೆಯಿಲ್ಲ. ಮೇಲಾಗಿ ನಾನು ಯಾರ ಮನೆಯ ಆಳೂ ಅಲ್ಲ. ಕರೆದರೆ ಹೋಗುತ್ತೇನೆ, ಮುಳುಗುತ್ತೇನೆ, ಏಳುತ್ತೇನೆ, ಕತೆ ಹೇಳುತ್ತೇನೆ. ಕತೆಯಲ್ಲಿ ಮೂರಾಳು ನೀರು ಹನ್ನೆರಡಾಳು ಆಗುತ್ತದೆ, ಬೆರಳುದ್ದದ ಮೀನಿಗೆ ಮೀಸೆ ಬರುತ್ತದೆ, ಕಲ್ಲಿನ ಸಂದಿಯ ಕಪ್ಪೆ ಹೆಡೆ ಎತ್ತುತ್ತದೆ. ಬಾವಿಯ ದಂಡೆಯ ಮೇಲೆ ಕುಳಿತ ಜನರಿಗೂ ಅದೇ ಬೇಕು. ಲೋಟಾ ಯಾರು ಬೇಕಾದರೂ ತಂದಾರು.

ಈ ಕೆಲಸದಲ್ಲಿ ನನ್ನದೊಂದು ಪದ್ಧತಿಯಿತ್ತು. ಖಾಲಿ ಕೈಯಲ್ಲಿ ಮೇಲೆ ಬರಬಾರದು. ಅದಕ್ಕೆಂದೇ ರೋಜಾದ ಬಾವಿಯ ಮೆಟ್ಟಿಲ ಸಂದಿಯಲ್ಲಿ ಎರಡು ಹಿತ್ತಾಳೆ ಲೋಟಾ ಸಿಕ್ಕಿಸಿಟ್ಟಿದ್ದೆ. ಯಾತ್ರಿಕನ ಲೋಟಾ ಸಿಗಲಿಲ್ಲವೆಂದರೆ ಅದರಲ್ಲೊಂದನ್ನು ತಂದು ಕೊಡುವುದು. ಲೋಟಾ ಎಲ್ಲ ಒಂದೇ. ಅವನು ಖುಷಿ, ನಾನು ಖುಷಿ. ಅವನದು ಮರುವಾರ ಕೈಗೆ ಸಿಕ್ಕರೆ ಮುಂದಿನ ಯಾತ್ರಿಕನೂ ಖುಷಿ. ಇದನ್ನು ಮೋಸ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ನಗು ಬರುತ್ತಿತ್ತು, ಅಷ್ಟೆ.

ಚಳಿ ಆಗಷ್ಟೇ ಶುರುವಾಗಿತ್ತು. ಒಂದು ಮುಂಜಾನೆ ಕಮಲಾಪುರದಿಂದ ಬಾಳೆಹಣ್ಣಿನ ಬಂಡಿ ತರುವ ಮುದುಕ ನಮ್ಮ ಬಾಗಿಲಿಗೆ ಬಂದು ನಿಂತ.

"ಬಾವಿ ಹುಡುಗ ನೀನೇ ಏನೋ?"

"ನಾನೇ. ಏನ ಬಿದ್ದದ? ಕೊಡಾನೋ, ಹಗ್ಗಾನೋ, ಅತ್ತಿನೋ?"

ಅವನು ನಗಲಿಲ್ಲ. "ನಮ್ಮ ಸಾವಕಾರ್ರ ಅವ್ವನ ಲಿಂಗ ಬಿದ್ದದೋ ತಮ್ಮಾ. ನಿನ್ನಿ ಮುಂಜಾನಿ ಮೆಟ್ಟಿಲದಾಗ ಬಗ್ಗಿ ನೀರ ತುಂಬಕೋವಾಗ ಶಿವದಾರ ಹರೀತು, ಕರಡಿಗಿ ಸಮೇತ ಹೋಯ್ತು. ಅವಾಗಿಂದ ಮುದುಕಿ ಬಾಯಾಗ ಹನಿ ನೀರ ಹಾಕಿಲ್ಲ."

ಅವರ ಮಂದಿ ಕರಡಿಗೆ ಎಂಬ ಬೆಳ್ಳಿ ಡಬ್ಬಿಯಲ್ಲಿ ಕೊರಳಿಗೆ ಕಟ್ಟಿಕೊಂಡ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರನ್ನೂ ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತಿತ್ತು. "ಅಯ್ಯನೋರು ಹೊಸಾದು ಕಟ್ಟತಾರಲ್ಲ" ಎಂದೆ.

"ಕಟ್ಟತೀನಿ ಅಂದ್ರು. ಆಕಿ ಒಲ್ಲೆ ಅಂತಾಳ. ಎಂಟ ವರ್ಷದಾಕಿ ಇದ್ದಾಗ ಕೊರಳಿಗಿ ಬಂದದ್ದಂತ ಅದು. ಸಿಕ್ಕರ ಉಣ್ಣತೀನಿ, ಇಲ್ಲಾಂದ್ರ ಅದರ ಹಿಂದ ನಾನೂ ಹೋಗತೀನಿ ಅಂತ ಕುಂತಾಳ. ಜಲ್ದಿ ನಡಿ."

ಬಂಡಿ ಹೊರಡುವ ಮುಂಚೆ, ತಾಯಿಗೆ ಹೇಳಿ ಬರುತ್ತೇನೆಂದು ಓಡಿದವನು ಗುಡಿಯ ಮುಂದಿನ ಸಾಲಿನಲ್ಲಿ ವಿಭೂತಿ, ರುದ್ರಾಕ್ಷಿ ಮಾರುವ ಅಂಗಡಿಗೆ ಹೋದೆ. ನಮ್ಮ ಧಣಿ ಕಳಿಸಿದ್ದಾರೆ ಎಂದು ಸುಳ್ಳು ಹೇಳಿ ಒಂದು ಲಿಂಗವನ್ನು ಪೊಟ್ಟಣ ಕಟ್ಟಿಸಿಕೊಂಡು ತಂದೆ. ಮೇಲೆ ಕರಿ ಲೇಪ ಹಚ್ಚಿದ, ನೇರಳೆ ಹಣ್ಣಿನ ಹಾಗೆ ಮಿರುಗುವ ಲಿಂಗ. ಮೆಟ್ಟಿಲ ಸಂದಿಯ ಲೋಟಾ ಹೇಗೋ ಇದೂ ಹಾಗೆ, ಇರಲಿ ಒಂದು, ಎಂದುಕೊಂಡು ಸೊಂಟಕ್ಕೆ ಸಿಕ್ಕಿಸಿದೆ. ದಾರಿಯುದ್ದಕ್ಕೂ ಬಂಡಿಯ ಮುದುಕನಿಗೆ ಹಕೀಮರ ಹಲ್ಲಿನ ಕತೆ ಹೇಳಿದೆ. ಅವನು ಒಮ್ಮೆಯೂ ನಗಲಿಲ್ಲ. ಅವನಿಗೇ ಹಲ್ಲಿಲ್ಲ, ಅದಕ್ಕೆ, ಎಂದುಕೊಂಡೆ.

ಮಧ್ಯಾಹ್ನ ದಾಟಿದ ಮೇಲೆ ಕಮಲಾಪುರ ಮುಟ್ಟಿದೆವು. ಸಾವುಕಾರರ ಬಾವಿ ಊರ ಹೊರಗೆ, ಬಾಳೆ ತೋಟದ ನಡುವೆ ಇತ್ತು. ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಎತ್ತು ಕಟ್ಟಿ ತೊಗಲಿನ ಚೀಲದಿಂದ ನೀರೆಳೆಯುವ ಇಳಿಜಾರು. ದಂಡೆಯ ಮೇಲೆ ಅರ್ಧ ಊರೇ ನೆರೆದಿತ್ತು. ನಿಜ ಹೇಳಬೇಕೆಂದರೆ ನಲವತ್ತು ಮಂದಿ, ಅದರಲ್ಲಿ ಹತ್ತು ಕಂಕುಳಲ್ಲಿದ್ದವು. ಮೇಲಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಅಜ್ಜಿ ಕುಳಿತಿದ್ದಳು. ಕಣ್ಣಲ್ಲಿ ಪೊರೆ ಬಂದು ಬೆಳ್ಳಗಾಗಿತ್ತು. ತುಟಿ ಒಣಗಿ ಬಿರಿದಿತ್ತು.

ಸಾವುಕಾರರು ಹೊಸ ಬಿಳಿ ಬಟ್ಟೆಯ ತುಂಡೊಂದನ್ನು ನನ್ನ ಕೈಗೆ ಕೊಟ್ಟರು. "ಕೇಳಿಲ್ಲಿ. ಬರಿಗೈಲೆ ಮುಟ್ಟಬ್ಯಾಡ. ಕರಡಿಗಿ ಬಾಯಿ ತೆಗೀಬ್ಯಾಡ. ಇದರಾಗ ಸುತ್ತಕೊಂಡ ಮ್ಯಾಲ ಬಾ."

"ಆಯ್ತರಿ. ಒಂದ ಉಸಿರಿನ್ಯಾಗ ತರತೀನಿ ನೋಡ್ರಿ" ಎಂದು ಎದೆ ಉಬ್ಬಿಸಿದೆ. ಜನ ಹೋ ಎಂದರು.

ಒಂದು ಉಸಿರಿನಲ್ಲಿ ಬರಲಿಲ್ಲ. ಎರಡರಲ್ಲೂ ಬರಲಿಲ್ಲ. ತಳದಲ್ಲಿ ಮೊಳಕೈ ಮುಳುಗುವಷ್ಟು ಕರಿ ಕೆಸರು. ಮೂರನೆಯ ಸಲ ಬೆಳ್ಳಿಯ ತಂಪು ಬೆರಳಿಗೆ ತಾಗಿತು. ಕರಡಿಗೆ ಸಿಕ್ಕಿತ್ತು, ಆದರೆ ಮುಚ್ಚಳ ತೆರೆದಿತ್ತು. ಒಳಗೆ ಕೆಸರು ಬಿಟ್ಟರೆ ಏನಿಲ್ಲ. ಸುತ್ತ ಕೈಯಾಡಿಸಿದೆ. ಕರಿ ಕೆಸರಿನಲ್ಲಿ ಕರಿ ಲಿಂಗ. ಎದೆ ಬಿರಿಯುವ ತನಕ ಹುಡುಕಿ, ಕರಡಿಗೆಯನ್ನು ಸೊಂಟದ ಬಟ್ಟೆಯಲ್ಲಿ ಅಡಗಿಸಿಕೊಂಡು ಮೇಲೆ ಬಂದು ಉಸಿರು ತೆಗೆದುಕೊಂಡು, ಕರಡಿಗೆ ಸಿಕ್ಕಿದ್ದನ್ನು ಹೇಳದೆ ಮತ್ತೆ ಮುಳುಗಿದೆ.

"ಏನಾಯ್ತಲೇ, ಒಂದ ಉಸಿರು ಭಾಳ ಉದ್ದ ಅದಲ್ಲ!" ಎಂದು ಮೇಲಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನನ್ನನ್ನು ನೋಡಿ ಜನ ನಗುವುದು ನನಗೆ ಹೊಸದು. ನಾಲ್ಕನೆಯ ಸಲ ತಳ ಮುಟ್ಟಿದವನು ಸೊಂಟದ ಗಂಟು ಬಿಚ್ಚಿದೆ. ಹೊಸ ಲಿಂಗಕ್ಕೆ ಕೆಸರು ಮೆತ್ತಿ ಕರಡಿಗೆಯಲ್ಲಿಟ್ಟು, ಮುಚ್ಚಳ ಒತ್ತಿ, ಬಿಳಿ ಬಟ್ಟೆ ಸುತ್ತಿ ಮೇಲೆ ಬಂದೆ.

ದಂಡೆಯ ಮೇಲಿದ್ದವರ ಕೂಗಿಗೆ ತೋಟದ ಕಾಗೆಗಳೆಲ್ಲ ಎದ್ದವು. ಸಾವುಕಾರರು ಬಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅವ್ವನ ಮಡಿಲಲ್ಲಿಟ್ಟರು. ಅಜ್ಜಿ ತಾನೇ ಕರಡಿಗೆ ತೆರೆದು, ಒಳಗಿದ್ದದ್ದನ್ನು ಅಂಗೈಗೆ ಇಳಿಸಿಕೊಂಡು, ಸೆರಗಿನಿಂದ ಒರೆಸಿದಳು.

"ಭಾಳ ತಣ್ಣಗಾಗ್ಯಾನ" ಎಂದಳು. "ಒಂದೂವರಿ ದಿನ ನೀರಾಗ ಇದ್ದಾನಲ್ಲ."

ಆಮೇಲೆ ಪೂಜೆಯಾಗಿ, ನೀರು ಕುಡಿದು, ಸೊಸೆಯ ಕೈಯಿಂದ ಎರಡು ತುತ್ತು ಉಂಡಳು. ನಾನು ಜನರ ನಡುವೆ ಕುಳಿತು, ಕರಡಿಗೆಯ ಮೇಲೆ ಹೆಡೆ ಬಿಚ್ಚಿ ಕುಳಿತಿದ್ದ ಹಾವಿಗೆ ಕೈಮುಗಿದು ದಾರಿ ಬಿಡಿಸಿಕೊಂಡದ್ದನ್ನು ಹೇಳಿದೆ. ಹಾವಿನ ಬಣ್ಣ ಕೇಳಿದರು. ಬಂಗಾರದ್ದು ಎಂದೆ.

ಆ ಹಾವು ನನಗಿಂತ ಮೊದಲೇ ಕಲಬುರಗಿ ಮುಟ್ಟಿತ್ತು. ಜಗತ್ ಓಣಿಯಲ್ಲಿ ಹೋದರೆ "ಲಿಂಗ ತಂದ ಹುಡುಗ" ಎಂದು ಬೆರಳು ತೋರಿಸುತ್ತಿದ್ದರು. ಎಲ್ಲೆಲ್ಲಿಂದಲೋ ಕರೆ ಬಂತು. ವಾರಕ್ಕೊಮ್ಮೆ ಬಂಡಿಯ ಮುದುಕ ಕೆಂಪು ಬಾಳೆಹಣ್ಣಿನ ಒಂದು ಹಣಿಗೆಯನ್ನು ನಮ್ಮ ಮನೆಯಲ್ಲಿಟ್ಟು, "ಆಯಿ ಕಳಿಸ್ಯಾಳ, ಬಾವಿ ಹುಡುಗಗ" ಎಂದು ಅಜ್ಜಿಯ ಹೆಸರು ಹೇಳಿ ಹೋಗುತ್ತಿದ್ದ. ಮೊದಲ ತಿಂಗಳು ಪ್ರತಿ ವಾರ ಹನ್ನೆರಡೂ ಹಣ್ಣು ನಾನೇ ತಿಂದೆ ಎಂದರೆ ನಂಬಬೇಕು, ಇದರಲ್ಲಿ ಉಪ್ಪು ಖಾರ ಇಲ್ಲ. ಎರಡನೆಯ ತಿಂಗಳು ಓಣಿಯ ಮಕ್ಕಳಿಗೆ ಹಂಚಿದೆ. ಆಮೇಲಾಮೇಲೆ ಅದರ ವಾಸನೆ ಬಂದರೆ ಹೊರಗೆ ಹೋಗುತ್ತಿದ್ದೆ. ಯಾಕೆ ಎಂದು ತಾಯಿ ಕೇಳಿದರೆ ಹೊಟ್ಟೆ ನೋವು ಎನ್ನುತ್ತಿದ್ದೆ.

ಬಿಸಿಲು ಏರಿದ ಮೇಲೆ ಒಂದು ವಾರ ಮುದುಕ ಹಣ್ಣು ಕೊಟ್ಟವನು ಹೊರಡದೆ ಕಟ್ಟೆಯ ಮೇಲೆ ಕುಳಿತ.

"ಆಯಿ ಹಾಸಿಗಿ ಹಿಡದಾಳ. ಇನ್ನ ಭಾಳ ದಿನ ಇಲ್ಲ. ಊರ ಮಂದಿನೆಲ್ಲ ಕರದು ಮಾತಾಡಸ್ಲಾಕತ್ತಾಳ. ನಿನ್ನೂ ಕೇಳತಾಳ."

"ನನ್ನ ಯಾಕ?"

"ನೀ ತಂದ ಕೊಟ್ಟದ್ದ ಕೈಯಾಗ ಹಿಡಕೊಂಡ ಹೋಗಾಕಿ ಅಲ್ಲೇನೋ ಆಕಿ."

ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಎಡಗೈಯಲ್ಲಿ ಅವರ ಲಿಂಗವನ್ನಿಡುತ್ತಾರೆ. ಜೀವ ಇರುವ ತನಕ ಜೊತೆಗಿದ್ದದ್ದು ಮಣ್ಣಿನಲ್ಲೂ ಜೊತೆಗಿರಬೇಕು. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ನನ್ನ ಕೆಲಸಕ್ಕೆ ಇದನ್ನು ಹಚ್ಚಿ ಯೋಚಿಸಿರಲಿಲ್ಲ. ಅಜ್ಜಿಯ ಲಿಂಗ ಇನ್ನೂ ಬಾವಿಯ ಕೆಸರಿನಲ್ಲಿತ್ತು. ಆಕೆ ಅಂಗಡಿಯ ಕಲ್ಲನ್ನು ಹಿಡಿದುಕೊಂಡು ಹೋಗಲಿದ್ದಳು. ಅದು ಗೊತ್ತಿದ್ದವರು ಇಬ್ಬರೇ, ಒಬ್ಬ ನಾನು. ಇನ್ನೊಬ್ಬರು ಯಾರು ಎಂದರೆ, ಅವರ ದೇವರು.

ಅದೇ ಬಂಡಿಯಲ್ಲಿ ಹೋದೆ.

ಸಾವುಕಾರರು ಪಡಸಾಲೆಯಲ್ಲೇ ಸಿಕ್ಕರು. ನನ್ನನ್ನು ನೋಡಿ ಮುಖ ಅರಳಿತು. ಒಳಗೆ ಹೋಗುವ ಮುಂಚೆ ಇವರಿಗೆ ಹೇಳಿಬಿಡೋಣ ಎಂದು ಶುರುಮಾಡಿದೆ.

"ಸಾವಕಾರ್ರ, ಆಯಿ ಲಿಂಗ ಇನ್ನಾ ಬಾವ್ಯಾಗೇ ಅದರಿ."

ಅವರು ಜೋರಾಗಿ ನಕ್ಕರು. "ಬಂದ ನೋಡು! ಅವ್ವಾ, ನಿನ್ನ ಬಾವಿ ಹುಡುಗ ಬಂದಾನ, ಹೊಸಾ ಕತಿ ತಂದಾನ!"

ಅವರ ಹಿಂದೆ ಒಳಗೆ ಹೋದೆ. ಒಳಕೋಣೆಯಲ್ಲಿ ಅಜ್ಜಿ ಹಾಸಿಗೆಯ ಮೇಲೆ ಗೋಡೆಗೆ ಒರಗಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ, ಇಲ್ಲಿ ನಾನೊಂದು ಹೋಲಿಕೆ ಕೊಡಬಹುದು, ಬೇಡ. ಸಣ್ಣಗಾಗಿದ್ದಳು. ಸೊಸೆ ಗಾಳಿ ಬೀಸುತ್ತಿದ್ದಳು.

"ಬಾ ತಮ್ಮಾ, ಇಲ್ಲಿ ಕುಂದ್ರು" ಎಂದಳು ಅಜ್ಜಿ. "ಹಾವು ಮತ್ತ ಸಿಕ್ಕಿತ್ತೇನು?"

"ಹಾವು ಇರಲಿಲ್ರಿ ಆಯಿ."

"ಹಂಗಾರ ಮೊಸಳಿ ಇತ್ತೇನು?" ಎಂದು ಸಾವುಕಾರರು ಬಾಗಿಲಲ್ಲಿ ನಿಂತು ಕೇಳಿದರು. ಸೊಸೆಯೂ ನಕ್ಕಳು. ನಾನು ಕರಡಿಗೆ ತೆರೆದಿತ್ತು ಎಂದೆ, ಖಾಲಿ ಇತ್ತು ಎಂದೆ, ಅಂಗಡಿಯಿಂದ ತಂದೆ ಎಂದೆ. ಒಂದೊಂದು ಮಾತಿಗೂ ಅವರು, ಮುಂದೆ ಎಲ್ಲಿ ನಗಬೇಕು ಎಂದು ಕಾಯುವವರ ಹಾಗೆ ನನ್ನ ಮುಖ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ಅಳತೆಗೆ ಸರಿಯಾಗಿ ಮಾತಾಡುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ.

ಕೊನೆಗೆ ಹೇಳಿದೆ. "ಬರಿಗೈಲೆ ಮುಟ್ಟೀನ್ರಿ. ಸೊಂಟದಾಗ ಸಿಕ್ಕಿಸಿಕೊಂಡ ಬಂದಿದ್ದೆ. ಈ ಕೈಲೆ ಕೆಸರ ಹಚ್ಚೀನಿ."

ಆ ಮನೆಯಲ್ಲಿ ಯಾರೂ ಲಿಂಗ ಮುಟ್ಟುವುದರ ಬಗ್ಗೆ ತಮಾಷೆ ಮಾಡುವುದಿಲ್ಲ, ನಾನೂ ಮಾಡಲಾರೆ ಎಂಬುದು ಅವರಿಗೆ ಗೊತ್ತಿತ್ತು. ಸೊಸೆಯ ಬೀಸಣಿಗೆ ನಿಂತಿತು. ಸಾವುಕಾರರು ಎರಡು ಹೆಜ್ಜೆ ಒಳಗೆ ಬಂದು ನನ್ನ ಕೆನ್ನೆಗೆ ಹೊಡೆದರು. ಎಷ್ಟು ಜೋರಾಗಿ ಎಂದರೆ, ಎಡಗಿವಿ ಅವತ್ತಿನಿಂದ ಸರಿಯಾಗಿ ಕೇಳುವುದಿಲ್ಲ. ಇದೂ ಅಳತೆಗೆ ಸರಿಯಾದ ಮಾತು.

"ಬಿಡು ಅವನ್ನ" ಎಂದಳು ಅಜ್ಜಿ.

ಕೊರಳಿನ ಕರಡಿಗೆಯನ್ನು ಬಿಚ್ಚಿ, ಅದರೊಳಗಿದ್ದದ್ದನ್ನು ತೆಗೆದು ಸೊಸೆಯ ಕೈಗೆ ಕೊಟ್ಟಳು. ಒಗೆಯಲಿಲ್ಲ, ಮೆಲ್ಲಗೇ ಕೊಟ್ಟಳು. ಆಮೇಲೆ ಬರಿಯ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನಾಲ್ಕ ತಿಂಗಳ ಅವ ಕೆಸರಾಗ ಇದ್ದಾನ" ಎಂದಳು. "ನಾಲ್ಕ ತಿಂಗಳ ನಾ ಇಲ್ಲಿ ಉಂಡೀನಿ."

ಸೊಸೆ ನೀರಿನ ತಂಬಿಗೆ ತಂದಳು. ಅಜ್ಜಿ ಮುಖ ತಿರುಗಿಸಿದಳು.

ಸಾವುಕಾರರು ಆ ಮಧ್ಯಾಹ್ನವೇ ಎತ್ತು ಕಟ್ಟಿಸಿದರು. ಬೇಸಿಗೆಯಾದ್ದರಿಂದ ಬಾವಿಯಲ್ಲಿ ಎದೆಮಟ್ಟದ ನೀರಷ್ಟೇ ಇತ್ತು. ಮರುದಿನ ಹೊತ್ತೇರುವ ತನಕ ಎಳೆದೆಳೆದು ಮೊಣಕಾಲಿಗಿಂತ ಕೆಳಗೆ ಇಳಿಸಿದರು. ನಾನು ಬುಟ್ಟಿಯಲ್ಲಿ ಕೆಸರು ತುಂಬುವುದು, ಮೇಲೆ ಇಬ್ಬರು ಅದನ್ನು ಎಳೆದುಕೊಂಡು ಹಾಸಿದ ಗೋಣಿತಟ್ಟಿನ ಮೇಲೆ ಕೈಯಾಡಿಸಿ ನೋಡುವುದು. ಅವತ್ತು ದಂಡೆಯ ಮೇಲೆ ಜನ ಬರಲಿಲ್ಲ. ಬಂದವರು ನನ್ನ ಕೂಡ ಮಾತಾಡಲಿಲ್ಲ. ಒಂದು ಕುಡುಗೋಲು ಸಿಕ್ಕಿತು, ಮಕ್ಕಳ ಕಾಲ್ಗೆಜ್ಜೆ ಸಿಕ್ಕಿತು, ಎರಡು ಲೋಟಾ ಸಿಕ್ಕಿದವು. ಊರಿನ ಮನೆಯಿಂದ ಆಗಾಗ ಯಾರಾದರೂ ಬಂದು, ಅಜ್ಜಿ ಇನ್ನೂ ನೀರು ಮುಟ್ಟಿಲ್ಲ ಎಂದು ಹೇಳಿ ಹೋಗುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ, ಕರಡಿಗೆ ಸಿಕ್ಕಿದ್ದ ಜಾಗದಿಂದ ಎರಡು ಮೊಳ ದೂರದಲ್ಲಿ ನನ್ನ ಬೆರಳಿಗೆ ಒಂದು ನುಣುಪು ಕಲ್ಲು ತಾಗಿತು. ಬಟ್ಟೆಯಿಂದಲೇ ಎತ್ತಿದೆ. ಬೆಟ್ಟದ ನೆಲ್ಲಿಯಷ್ಟು ದೊಡ್ಡದು, ತಳ ಮಟ್ಟಸ, ತಲೆ ಗುಂಡಗೆ. ಮೇಲೆ ಕರಿ ಲೇಪ ಇರಲಿಲ್ಲ. ಇದ್ದದ್ದು ನೀರಿನಲ್ಲಿ ಕರಗಿತ್ತೋ, ಮೊದಲೇ ಇರಲಿಲ್ಲವೋ. ಆ ಬಾವಿ ಎಷ್ಟು ತಲೆಮಾರಿನದು, ಅದರಲ್ಲಿ ಯಾರ್ಯಾರದು ಬಿದ್ದಿರಬಹುದು, ಹೇಳುವವರಿಲ್ಲ.

ಸಾವುಕಾರರು ಮೆಟ್ಟಿಲಿಳಿದು ಬಂದು ಅದನ್ನು ನೋಡಿದರು. ಆಮೇಲೆ ನನ್ನ ತೋಳು ಹಿಡಿದು, ಮೇಲಿನವರಿಗೆ ಕೇಳಿಸದ ಹಾಗೆ ಹೇಳಿದರು.

"ಇದೇ ಅಂತ ಹೇಳು. ಆಕಿ ನಿನ್ನೇ ಕೇಳತಾಳ. ನೀ ಇದೇ ಅಂದ್ರ ನೀರ ಕುಡೀತಾಳ. ತಿಳೀತಿಲ್ಲೋ?"

ತಲೆಯಾಡಿಸಿದೆ. ಮೆಟ್ಟಿಲು ಹತ್ತಿ ಮನೆಗೆ ನಡೆಯುವಾಗ ಹೇಳುವ ಮಾತನ್ನು ಬಾಯಲ್ಲೇ ಹೊಂದಿಸಿಕೊಂಡೆ. ಕೆಸರಿನಲ್ಲಿ ಕೈಯಿಟ್ಟ ಕೂಡಲೇ ಬಿಸಿ ತಾಗಿತು, ಇದೇ ಎಂದು ಗೊತ್ತಾಯಿತು, ಹೀಗೆ. ಬಹಳ ಚೆಂದದ ಮಾತು. ಅಜ್ಜಿಯ ಮುಂದೆ ಕುಳಿತು ಬಟ್ಟೆ ಬಿಚ್ಚಿದೆ. ಆಕೆ ಅಂಗೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಸುತ್ತಲೂ ಸವರಿದಳು. ಮತ್ತೆ ಸವರಿದಳು. ಆಮೇಲೆ ಬಿಳಿಗಣ್ಣನ್ನು ನನ್ನ ಕಡೆ ತಿರುಗಿಸಿದಳು.

"ಇವನೇ ಏನೋ?"

ಬಾಗಿಲಲ್ಲಿ ಸಾವುಕಾರರು ನಿಂತಿದ್ದರು. ಸೊಸೆ ತಂಬಿಗೆ ಹಿಡಿದುಕೊಂಡೇ ಇದ್ದಳು.

"ಗೊತ್ತಿಲ್ರಿ ಆಯಿ" ಎಂದೆ. "ಕರಡಿಗಿ ಸಿಕ್ಕಿದ ಜಾಗಾದಿಂದ ಎರಡ ಮೊಳ ಆಚಿಗಿ ಸಿಕ್ಕದ. ಮ್ಯಾಲಿನ ಕರಿ ಹೋಗ್ಯಾದ. ನಿಮ್ಮದೇ ಇರಬಹುದು, ಇರಲಿಕ್ಕಿಲ್ಲ. ನನಗ ಇಷ್ಟೇ ಗೊತ್ತು."

ಅಜ್ಜಿ ಇನ್ನೊಮ್ಮೆ ಸವರಿದಳು. "ನನಗೂ ತಿಳೀವಲ್ದು" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಬೆರಳ ಸತ್ತಾವ. ಮುಂಜಾನಿ ತನಕ ಕೈಯಾಗ ಇರಲಿ. ಬೆಚ್ಚಗಾದ ಮ್ಯಾಲ ತಿಳೀತದ."

ಸೊಸೆ ಅತ್ತಳು. ಮಗ ಕಾಲು ಹಿಡಿದು, "ಅವ್ವಾ, ಒಂದ ಗುಟುಕರೆ ಕುಡಿ" ಎಂದರು. ಅಜ್ಜಿ ಮುಷ್ಟಿ ಕಟ್ಟಿ ಎದೆಗೆ ಹಚ್ಚಿಕೊಂಡಳು. ನಾನು ತೋಟದ ಗುಡಿಸಲಿಗೆ ಬಂದು ಮಲಗಿದೆ. ಬೆಳಗಾಗುವಷ್ಟರಲ್ಲಿ ಮನೆಯ ಕಡೆಯಿಂದ ಅಳುವ ಸದ್ದು ಕೇಳಿತು. ಮುಷ್ಟಿ ಬಿಚ್ಚಿರಲಿಲ್ಲವಂತೆ. ಆಕೆಗೆ ತಿಳಿಯಿತೋ ಇಲ್ಲವೋ, ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ನಾನು ದೂರದಲ್ಲಿ, ಬಾಳೆಯ ಸಾಲಿನ ಆಚೆ ನಿಂತು ನೋಡಿದೆ. ಎಲ್ಲರೂ ಹೋದ ಮೇಲೆ ಸಾವುಕಾರರು ಒಬ್ಬರೇ ಬಾವಿಯ ಕಡೆ ಬಂದು, ದಂಡೆಯ ಮೇಲೆ ಕುಳಿತರು.

"ಅವತ್ತ ಬೇಡದ ಸುಳ್ಳ ಹೇಳಿದಿ" ಎಂದರು. "ಬೇಕಾದಾಗ ಒಂದ ಹೇಳಲಿಕ್ಕ ನಿನಗೇನ ಬ್ಯಾನಿ ಆಗಿತ್ತೋ? ನೀರರೆ ಕುಡದ ಹೋಗ್ತಿದ್ದಳು."

ಅವರು ಕೇಳಿದ್ದು ಸರಿ ಎಂದೇ ನನಗೂ ಅನಿಸಿತು, ಈಗಲೂ ಕೆಲವು ದಿನ ಅನಿಸುತ್ತದೆ.

"ಬುಟ್ಟಿ ಬಾವ್ಯಾಗ ಅದ" ಎಂದರು. "ತಗದಿಟ್ಟ ಹೋಗು."

ಇಳಿದೆ. ಒಂದು ದಿನದಲ್ಲಿ ಸೆಲೆಯ ನೀರು ಮತ್ತೆ ಮೊಣಕಾಲಿಗೆ ಬಂದಿತ್ತು. ಬುಟ್ಟಿ ಎತ್ತಿ ಮೆಟ್ಟಿಲ ಮೇಲಿಟ್ಟೆ. ಹತ್ತಿ ಹೋಗಬಹುದಿತ್ತು. ಆದರೆ ಬಗ್ಗಿ ಕೆಸರಿನಲ್ಲಿ ಮತ್ತೆ ಕೈಯಾಡಿಸಿದೆ. ಇನ್ನೊಂದು ಸಿಕ್ಕರೆ ಆಕೆಯ ಮುಷ್ಟಿಯಲ್ಲಿರುವುದು ಬೇರೆ ಯಾರದೋ ಎಂದಾಗುತ್ತದೆ. ಸಿಗಬಾರದು ಎಂದುಕೊಂಡು ಹುಡುಕಿದ್ದು ನಾನು ಅದೇ ಮೊದಲು. ಮೂಲೆಯಿಂದ ಮೂಲೆಗೆ, ಗೋಡೆಯ ಬುಡದುದ್ದಕ್ಕೂ ತಡಕಿದೆ. ಸಿಗಲಿಲ್ಲ. ಇಳಿಜಾರಿನ ಕೆಳಗಿನ ದೊಡ್ಡ ಕಲ್ಲಿನ ಅಡಿಯಲ್ಲಿ ಒಂದು ಸಂದಿಯಿತ್ತು. ಅಲ್ಲಿಗೆ ಮಣಿಕಟ್ಟಿನ ತನಕ ಕೈ ಹೋಯಿತು, ಮುಂದೆ ಹೋಗಲಿಲ್ಲ.

ಮೇಲೆ ಬಂದಾಗ ಸಾವುಕಾರರು ಅಲ್ಲೇ ಇದ್ದರು.

"ಮತ್ತ ಹುಡಕಿದ್ನಿರಿ. ಬ್ಯಾರೆ ಏನೂ ಇಲ್ಲ" ಎಂದೆ. "ದೊಡ್ಡ ಕಲ್ಲಿನ ಬುಡಕ ಒಂದ ಸಂದಿ ಅದ. ಅದರಾಗ ಪೂರಾ ಕೈ ಹೋಗಲಿಲ್ರಿ. ಅಲ್ಲಿ ಇದ್ರೂ ಇರಬಹುದು."

ಅವರು ನನ್ನ ಕಡೆ ನೋಡಲಿಲ್ಲ. ಎದ್ದು, ಹಿಂದಿನ ದಿನದಿಂದ ನೀರು ಕಾಣದ ಬಾಳೆಯ ಸಾಲನ್ನು ನೋಡಿದರು. ಆಮೇಲೆ ಎತ್ತುಗಳನ್ನು ಹೊಡೆದುಕೊಂಡು ಬಂದು ನೊಗ ಕಟ್ಟಿ, ತೊಗಲಿನ ಚೀಲವನ್ನು ಬಾವಿಗೆ ಬಿಟ್ಟರು.